ನಾಲ್ಕೂಕಾಲರ ಬಸ್ಸು ಹೊರಟ ಮೇಲೆ

ಸಂಜೆ ನಾಲ್ಕೂಕಾಲು. ಕಾಡುಗೋಡಿಯಾಚೆಗೋ, ಚಂದಾಪುರದಾಚೆಗೋ, ಹೆಸರಘಟ್ಟ ರಸ್ತೆಯಲ್ಲೋ ಇರುವ ಯಾವುದಾದರೊಂದು ಸಣ್ಣ ಕಾಲೇಜಿನ ಗೇಟಿನ ಮುಂದೆ ಹೋಗಿ ನಿಂತು ನೋಡಿ. ಹಳದಿ ಬಸ್ಸುಗಳು ಎಂಜಿನ್ ಚಾಲೂ ಮಾಡಿಕೊಂಡು ಸಾಲಾಗಿ ನಿಂತಿರುತ್ತವೆ. ಕೊನೆಯ ಪೀರಿಯಡ್ ಮುಗಿದು ಹತ್ತು ನಿಮಿಷವೂ ಆಗಿರುವುದಿಲ್ಲ, ಹಾರ್ನ್ ಶುರುವಾಗುತ್ತದೆ. ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ ಹುಡುಗಿಯರು ಮಾತನ್ನು ಅರ್ಧಕ್ಕೇ ಬಿಟ್ಟು ಓಡುತ್ತಾರೆ. ಥ್ರೋಬಾಲ್ ಆಡಲು ಬಲೆ ಕಟ್ಟುತ್ತಿದ್ದವರು ಬಲೆಯನ್ನು ಹಾಗೇ ಬಿಟ್ಟು ಬ್ಯಾಗು ಎತ್ತಿಕೊಳ್ಳುತ್ತಾರೆ. ಬಸ್ಸು ತಪ್ಪಿದರೆ ಮನೆ ಸೇರುವುದು ಹೇಗೆಂದು ಅವರಲ್ಲಿ ಯಾರಿಗೂ ಖಾತ್ರಿಯಿಲ್ಲ. ಬಸ್ಸುಗಳು ಹೊರಟ ಮೇಲೆ ಗೇಟಿನಲ್ಲಿ ಉಳಿಯುವವರು ಎರಡೇ ಬಗೆಯವರು. ಸ್ವಂತ ಗಾಡಿ ಇರುವವರು, ಮತ್ತು ಅವರನ್ನು "ಮಗಾ, ಮೇನ್ ರೋಡ್‌ವರೆಗೆ ಡ್ರಾಪ್ ಕೊಡ್ತೀಯಾ?" ಎಂದು ಕೇಳುವವರು. ಐದು ಗಂಟೆಗೆ ವಾಚ್‌ಮನ್ ಗೇಟು ಮುಚ್ಚುತ್ತಾನೆ.

ಬೆಂಗಳೂರಿನ ಹೊರವಲಯದಲ್ಲಿ ಕಾಲೇಜು ಜೀವನ ಎಂಬುದು ಹೀಗೆ ದಿನವೂ ಐದು ಗಂಟೆಗೆ ಮುಗಿದುಹೋಗುತ್ತಿದೆ. ಇದನ್ನು ಹುಡುಗರ ಸಣ್ಣ ತಾಪತ್ರಯ ಎಂದು ಬದಿಗೆ ಸರಿಸಲು ನಾವು ಸಿದ್ಧರಿಲ್ಲ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಮೂರ್ನಾಲ್ಕು ವರ್ಷದಲ್ಲಿ ಮನುಷ್ಯ ತನ್ನ ಜಾತಿಯವರಲ್ಲದ, ತನ್ನ ಊರಿನವರಲ್ಲದ, ತನ್ನ ಭಾಷೆಯವರೂ ಅಲ್ಲದ ನಾಲ್ಕು ಜನರನ್ನು ಗೆಳೆಯರನ್ನಾಗಿ ಮಾಡಿಕೊಳ್ಳುತ್ತಾನೆ. ಆ ಗೆಳೆತನ ಕ್ಲಾಸಿನಲ್ಲಿ ಹುಟ್ಟುವುದಿಲ್ಲ. ಕ್ಲಾಸು ಮುಗಿದ ಮೇಲೆ ಹುಟ್ಟುತ್ತದೆ. ಆ ಹೊತ್ತನ್ನೇ ನಾವು ಕಿತ್ತುಕೊಂಡಿದ್ದೇವೆ. ಬಸ್ಸಿಲ್ಲ, ನಡೆಯಲು ಫುಟ್‌ಪಾತ್ ಇಲ್ಲ, ಕೂರಲು ಜಾಗವಿಲ್ಲ. ಉಳಿದಿರುವುದು ಗಾಡಿ ಮಾತ್ರ. ಗಾಡಿ ಇದ್ದವರಿಗೆ ಗೆಳೆಯರುಂಟು, ಇಲ್ಲದವರಿಗೆ ಅಟೆಂಡೆನ್ಸ್ ಉಂಟು ಎನ್ನುವಲ್ಲಿಗೆ ಬಂದು ನಿಂತಿದ್ದೇವೆ.

ಇದು ತಾನಾಗಿ ಆದದ್ದಲ್ಲ. ಈ ಪ್ರದೇಶಗಳನ್ನು ಕಟ್ಟಿದ ಬಗೆಯಲ್ಲೇ ಇದರ ಬೇರಿದೆ. ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಹೊಲಗಳಲ್ಲಿ 1978ರ ಹೊತ್ತಿಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ನಿಗಮ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಆ ನಿಗಮದ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನ ಆ 332 ಎಕರೆ ಕೆಲಸಕ್ಕೆಂದೇ ಗುರುತಾದ ನೆಲ. ಪೀಣ್ಯ ಕೈಗಾರಿಕಾ ಪ್ರದೇಶದ ರಸ್ತೆಗಳನ್ನು ಲಾರಿ ತಿರುಗಲೆಂದು ಮಾಡಲಾಯಿತು, ಮನುಷ್ಯ ನಡೆಯಲೆಂದಲ್ಲ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಪುಟ್ಟ ನೆಲೆಯಾಗಿ ಶುರುವಾಗಿದ್ದರೂ, 1990ರ ದಶಕದಲ್ಲಿ ಐಟಿಪಿಎಲ್ ಬಂದ ಮೇಲೆ ಕಚೇರಿಗಳ ಕಾಡಾಯಿತು. ನಗರದೊಳಗೆ ಜಾಗ ಕೈಗೆಟುಕದ ಕಾಲೇಜುಗಳು ಜಮೀನು ಅಗ್ಗವಾಗಿ ಸಿಕ್ಕ ಕಡೆಗೆ, ಅಂದರೆ ಈ ಪಟ್ಟಿಯ ಇನ್ನೂ ಹೊರಗೆ, ಹೆದ್ದಾರಿಯಿಂದ ಮೂರು ನಾಲ್ಕು ಕಿಲೋಮೀಟರ್ ಒಳಕ್ಕೆ ಹೋಗಿ ಕುಳಿತವು. ಕೆಲಸಕ್ಕೆ ಬರುವವರಿಗೆ ಕಂಪನಿಗಳು ಕ್ಯಾಬು, ಬಸ್ಸು ಇಟ್ಟವು. ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಮನೆ ಬಾಗಿಲಿಗೆ ಬಿಡಬೇಕೆಂಬ ನಿಯಮ ಬಂತು, ಬರಲೇಬೇಕಿತ್ತು. ಅದೇ ರಸ್ತೆಯಲ್ಲಿ, ಅದೇ ಕತ್ತಲಲ್ಲಿ ಪುಸ್ತಕದ ಚೀಲ ಹೊತ್ತು ನಿಂತ ಹತ್ತೊಂಬತ್ತರ ಹುಡುಗಿಯನ್ನು ಮನೆ ಸೇರಿಸುವುದು ಯಾರ ಹೊಣೆ ಎಂದು ಯಾರೂ ಬರೆದಿಡಲಿಲ್ಲ.

ಬಸ್ಸಿನ ಲೆಕ್ಕ ನೋಡೋಣ. ಬಿಎಂಟಿಸಿ ಪ್ರತ್ಯೇಕ ನಿಗಮವಾದದ್ದು 1997ರಲ್ಲಿ. ಹತ್ತು ವರ್ಷದ ಹಿಂದೆಯೇ ಅದರ ಬಳಿ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿದ್ದವು. ಇವತ್ತೂ ಆ ಸಂಖ್ಯೆ ಏಳು ಸಾವಿರದ ಆಸುಪಾಸಿನಲ್ಲೇ ಇದೆ. ಈ ನಡುವೆ ನಗರ ಎಷ್ಟು ಬೆಳೆಯಿತೆಂದು ಹೊಸಕೋಟೆ, ಅತ್ತಿಬೆಲೆ, ನೆಲಮಂಗಲದವರನ್ನು ಕೇಳಿದರೆ ಸಾಕು. ಬಸ್ಸು ನಿಂತಲ್ಲೇ ನಿಂತಿತು, ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿ ಹೋಯಿತು. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ದ್ವಿಚಕ್ರ ವಾಹನಗಳು. ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ಬಸ್ಸಿದೆ, ಹೊಸೂರು ರಸ್ತೆಗೆ 356ರ ಸರಣಿ ಇದೆ, ನಿಜ. ಅವು ದೊಡ್ಡ ರಸ್ತೆಯ ಬಸ್ಸುಗಳು. ತೊಂದರೆ ಇರುವುದು ದೊಡ್ಡ ರಸ್ತೆಯಲ್ಲಲ್ಲ. ಹೋಪ್ ಫಾರ್ಮ್ ಸರ್ಕಲ್ಲಿನಿಂದ ಒಳಗೆ, ಚಂದಾಪುರದಿಂದ ಪಕ್ಕಕ್ಕೆ, ಎಂಟನೇ ಮೈಲಿಯಿಂದ ಸೋಲದೇವನಹಳ್ಳಿ ಕಡೆಗೆ ತಿರುಗಿದಲ್ಲಿ ತೊಂದರೆ. ಬೆಳಿಗ್ಗೆ ಎಂಟರ ಹೊತ್ತಿಗೆ ಫುಟ್‌ಬೋರ್ಡಿನಲ್ಲಿ ಜೋತಾಡುವಷ್ಟು ಜನ, ಸಂಜೆ ಏಳರ ಮೇಲೆ ಬಸ್ಸೇ ಅಪರೂಪ. ಸ್ಟಾಪಿನಲ್ಲಿ ವೇಳಾಪಟ್ಟಿ ಇರುವುದಿಲ್ಲ, ಅನೇಕ ಕಡೆ ತಂಗುದಾಣವೂ ಇರುವುದಿಲ್ಲ. ಒಂದು ವಿದ್ಯುತ್ ಕಂಬ, ಒಂದು ಟೀ ಅಂಗಡಿ, ಅದರ ಹೆಸರೇ ಸ್ಟಾಪಿನ ಹೆಸರು.

ಮೆಟ್ರೊ ಬಂದಿದೆಯಲ್ಲ ಎಂದು ಕೇಳುವವರಿಗೆ ನ್ಯಾಯವಾಗಿ ಉತ್ತರಿಸಬೇಕು. ಬಂದಿದೆ, ಮತ್ತು ಅದರಿಂದ ಉಪಕಾರವಾಗಿದೆ. ಪೀಣ್ಯ ಇಂಡಸ್ಟ್ರಿಗೆ 2014ರ ಮಾರ್ಚ್‌ನಲ್ಲಿ, ವೈಟ್‌ಫೀಲ್ಡ್‌ಗೆ 2023ರ ಮಾರ್ಚ್‌ನಲ್ಲಿ, ಮಾದಾವರಕ್ಕೆ 2024ರ ನವೆಂಬರ್‌ನಲ್ಲಿ ರೈಲು ಬಂತು. ಎಲೆಕ್ಟ್ರಾನಿಕ್ ಸಿಟಿಯ ಜನ ಗಡುವಿನ ಮೇಲೆ ಗಡುವು ಎಣಿಸಿ ಸುಸ್ತಾದ ಮೇಲೆ, 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರಿನ ಹಳದಿ ಮಾರ್ಗ ತೆರೆಯಿತು. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು. ಆದರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡವರಿಗೆ ಅದು ಬಿಡುಗಡೆಯೇ ಆಗಿತ್ತು. ಆದರೆ ಟಿಕೆಟ್ಟಿನ ದರ ನೋಡಿ. 2025ರ ಫೆಬ್ರುವರಿಯಲ್ಲಿ ದರ ಏರಿಸಿ ಗರಿಷ್ಠ 60 ಇದ್ದದ್ದನ್ನು 90 ರೂಪಾಯಿ ಮಾಡಲಾಯಿತು. ಸ್ಮಾರ್ಟ್ ಕಾರ್ಡಿನವರಿಗೆ ರಿಯಾಯಿತಿ ಕೊಟ್ಟರು, ಜನದಟ್ಟಣೆ ಇಲ್ಲದ ಹೊತ್ತಿಗೆ ರಿಯಾಯಿತಿ ಕೊಟ್ಟರು. ವಿದ್ಯಾರ್ಥಿ ಎಂಬ ಕಾರಣಕ್ಕೆ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಹಳದಿ ಮಾರ್ಗ ಶುರುವಾದಾಗ ಈ ತುದಿಯಿಂದ ಆ ತುದಿಗೆ 60 ರೂಪಾಯಿ, ಹೋಗಿ ಬಂದರೆ 120. ಹೆಬ್ಬಗೋಡಿಯ ಗಾರ್ಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ತಾಯಿ ಮಗನಿಗೆ ದಿನದ ಖರ್ಚಿಗೆಂದು ಎಷ್ಟು ಕೊಡಬಲ್ಲಳು ಎಂದು ಲೆಕ್ಕ ಹಾಕಿ, ಆಮೇಲೆ ಈ 120ರ ಬಗ್ಗೆ ಮಾತಾಡೋಣ.

ಒಂದು ಸಂಜೆಯ ಉದಾಹರಣೆ ತೆಗೆದುಕೊಳ್ಳಿ. ಹೆಸರಘಟ್ಟ ರಸ್ತೆಯ ಕಾಲೇಜಿನಲ್ಲಿ ಬಿ.ಎ. ಓದುವ, ಪಿಜಿಯಲ್ಲಿರುವ ರಾಯಚೂರಿನ ಹುಡುಗನಿಗೆ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ನೋಡಬೇಕು ಅನಿಸಿತೆನ್ನಿ. ರಂಗಶಂಕರ 2004ರಿಂದಲೂ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ಶಿಸ್ತಿನ ಜಾಗ, ಸಂಜೆ ಏಳೂವರೆಯ ನಾಟಕಕ್ಕೆ ಏಳೂವರೆಗೇ ಒಳಗಿರಬೇಕು. ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಹುಡುಗ ಹೋಗಿ ಮುಟ್ಟುತ್ತಾನೆ. ನಾಟಕ ಒಂಬತ್ತೂವರೆಗೆ ಮುಗಿಯುತ್ತದೆ. ವಾಪಸ್ ರೈಲೂ ಸಿಗುತ್ತದೆ, ಹತ್ತೂವರೆ ಹನ್ನೊಂದರ ನಡುವೆ ತುಮಕೂರು ರಸ್ತೆಯ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಅಲ್ಲಿಂದ ಮುಂದೆ? ಬಸ್ಸು ಹೋಗಿ ಎಷ್ಟೋ ಹೊತ್ತಾಗಿದೆ. ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ನಡೆದು ಹೋಗೋಣವೆಂದರೆ ಲಾರಿಗಳ ಸಾಲು, ಬೀದಿ ದೀಪವಿಲ್ಲದ ತಿರುವು, ಚರಂಡಿಗೆ ಮುಚ್ಚಿದ ಕಲ್ಲು ಎಲ್ಲಿದೆ ಎಲ್ಲಿಲ್ಲ ಎಂದು ಕಾಲಿನಿಂದಲೇ ತಡಕಬೇಕು. ಪಿಜಿಯ ಗೇಟಿಗೆ ಹತ್ತಕ್ಕೇ ಬೀಗ ಬಿದ್ದಿದೆ. ಕೋಟಿಗಟ್ಟಲೆ ಸುರಿದು ಮೂವತ್ತು ಕಿಲೋಮೀಟರ್ ರೈಲು ಹಾಕಿದ ನಾಡು ಕೊನೆಯ ನಾಲ್ಕು ಕಿಲೋಮೀಟರನ್ನು ಆ ಹುಡುಗನ ಹಣೆಗೇ ಬಿಟ್ಟಿತು. ಅವನು ಇನ್ನೊಮ್ಮೆ ನಾಟಕಕ್ಕೆ ಹೋಗುವುದಿಲ್ಲ.

ಹುಡುಗನ ಕಥೆಯೇ ಹೀಗಾದರೆ ಹುಡುಗಿಯರದ್ದು ಹೇಳುವುದೇ ಬೇಡ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣವನ್ನು ಉಚಿತ ಮಾಡಿತು. ಇದನ್ನು ನಾವು ಅಂದೂ ಸ್ವಾಗತಿಸಿದ್ದೆವು, ಇಂದೂ ಸಮರ್ಥಿಸುತ್ತೇವೆ. ದುಡ್ಡಿಲ್ಲವೆಂದು ಕಾಲೇಜು ಬಿಡುವ ಒಂದು ನೆಪವನ್ನಾದರೂ ಅದು ಮನೆಗಳಿಂದ ತೆಗೆದುಹಾಕಿತು. ಆದರೆ ಟಿಕೆಟ್ ಉಚಿತವಾಗಿ, ಬಸ್ಸೇ ಬಾರದಿದ್ದರೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. "ಕತ್ತಲಾಗೋದರೊಳಗೆ ಮನೆಗೆ ಬಾಮ್ಮ" ಎನ್ನುವ ಅಪ್ಪನನ್ನು ಬೈಯುವುದು ಸುಲಭ. ಆತ ಆ ರಸ್ತೆಯನ್ನು ನೋಡಿದ್ದಾನೆ. ಸಂಜೆ ಆರರ ಚರ್ಚಾ ಸ್ಪರ್ಧೆಯಲ್ಲಿ ಮಾತಾಡಬೇಕಾಗಿದ್ದ ಮಾಲೂರಿನ ಹುಡುಗಿ ಹೆಸರು ಕೊಡುವುದಿಲ್ಲ. ಎನ್ನೆಸ್ಸೆಸ್ ಶಿಬಿರದ ತಯಾರಿಗೆ ನಿಲ್ಲಬೇಕಾದ ಆನೇಕಲ್ಲಿನ ಹುಡುಗಿ ನಿಲ್ಲುವುದಿಲ್ಲ. ವರ್ಷದ ಕೊನೆಗೆ ಬಹುಮಾನ ಪಡೆದವರ ಪಟ್ಟಿಯಲ್ಲಿ ಗಾಡಿಯಿರುವ, ಹತ್ತಿರದ ಅಪಾರ್ಟ್‌ಮೆಂಟಿನ ಮಕ್ಕಳ ಹೆಸರೇ ಕಾಣುತ್ತದೆ. ಅದನ್ನು ಪ್ರತಿಭೆ ಎಂದು ಕರೆದು ನಾವು ಚಪ್ಪಾಳೆ ತಟ್ಟುತ್ತೇವೆ.

ಹೀಗಾಗಿ ಮನೆಮನೆಯಲ್ಲೂ ಒಂದೇ ಹಟ: ಗಾಡಿ ಕೊಡಿಸಿ. ಇದು ಶೋಕಿ ಎಂದು ದೊಡ್ಡವರು ಗೊಣಗುತ್ತಾರೆ. ಶೋಕಿಯಲ್ಲ. ಗೆಳೆಯರ ಜತೆ ಇರಬೇಕೆಂಬ ವಯಸ್ಸಿನ ಹಸಿವು ಅದು, ಅದಕ್ಕೆ ಬೇರೆ ದಾರಿಯಿಲ್ಲದೆ ಗಾಡಿಯ ರೂಪ ಬಂದಿದೆ. ಅಪ್ಪ ಸಾಲ ಮಾಡುತ್ತಾನೆ, ಇಲ್ಲವೇ ಹುಡುಗನೇ ಕಂತಿನಲ್ಲಿ ತೆಗೆದುಕೊಳ್ಳುತ್ತಾನೆ. ಕಂತು ಕಟ್ಟಲು ಸಂಜೆ ಹೊತ್ತು ಊಟ ತಲುಪಿಸುವ ಕೆಲಸ ಹಿಡಿಯುತ್ತಾನೆ. ಗೆಳೆಯರ ಜತೆ ಕೂರಲೆಂದು ತೆಗೆದುಕೊಂಡ ಗಾಡಿ ಅವನನ್ನು ಗೆಳೆಯರಿಂದ ಬಿಡಿಸಿ ಅಪರಿಚಿತರ ಬಾಗಿಲಿಗೆ ಓಡಿಸುತ್ತದೆ. ನಾವು ಕಂಡ ಎಷ್ಟೋ ಹುಡುಗರ ಎರಡನೇ ವರ್ಷ ಹೀಗೆ ಕಳೆದಿದೆ.

ಅದರ ಬೆಲೆ ಕಂತಿನಲ್ಲಿ ಮುಗಿಯುವುದಿಲ್ಲ. ಈ ನಗರದ ರಸ್ತೆಗಳಲ್ಲಿ ವರ್ಷಕ್ಕೆ ಎಂಟುನೂರಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ, ಅವರಲ್ಲಿ ದೊಡ್ಡ ಪಾಲು ದ್ವಿಚಕ್ರ ವಾಹನ ಸವಾರರು ಮತ್ತು ಪಾದಚಾರಿಗಳು. ಒಂದು ಗಾಡಿಯ ಮೇಲೆ ಮೂವರು ಕುಳಿತು ಹೋಗುವುದನ್ನು ಪೊಲೀಸರು ಹಿಡಿದು ದಂಡ ಹಾಕುತ್ತಾರೆ, ಹಾಕಲಿ. ಆ ಮೂರನೆಯವನು ಯಾಕೆ ಹತ್ತಿದ ಎಂದು ಯಾರಾದರೂ ಒಮ್ಮೆ ಕೇಳಬೇಕಲ್ಲವೇ? 2022ರ ಜನವರಿಯಲ್ಲಿ ನೈಸ್ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ದ್ವಿಚಕ್ರ ವಾಹನ ನಿಷೇಧಿಸಿದರು. 2025ರ ಜೂನ್ 16ರಿಂದ ಹೈಕೋರ್ಟ್ ಆದೇಶದಂತೆ ಬೈಕ್ ಟ್ಯಾಕ್ಸಿ ನಿಂತಾಗ ಗಾಡಿ ಇಲ್ಲದ ವಿದ್ಯಾರ್ಥಿಗಳಿಗೆ ಇದ್ದ ಅಗ್ಗದ ದಾರಿಯೊಂದು ಮುಚ್ಚಿತು. ಆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳ ಕೈಖರ್ಚೂ ನಿಂತಿತು. ಈ ತೀರ್ಮಾನಗಳಿಗೆ ತಮ್ಮದೇ ಕಾರಣಗಳಿರಬಹುದು. ಆದರೆ ಪ್ರತಿ ಬಾರಿಯೂ ಏನನ್ನೋ ಬೇಡವೆನ್ನುವ ಆದೇಶ ಬರುತ್ತದೆ. ಅದರ ಜಾಗಕ್ಕೆ ಬಸ್ಸು ಬಿಡುವ ಆದೇಶ ಮಾತ್ರ ಬರುವುದಿಲ್ಲ.

ಹಾಗಾದರೆ ಗಾಡಿಯಿಲ್ಲದೆ ವಿದ್ಯಾರ್ಥಿ ಜೀವನವೇ ಸಾಧ್ಯವಿಲ್ಲವೇ? ಸಾಧ್ಯವಿದೆ, ಅದು ನಮ್ಮ ಕಣ್ಣೆದುರೇ ಓಡಾಡುತ್ತಿದೆ. ಕೆಜಿಎಫ್ ಕಡೆಯಿಂದ ಬರುವ ಬೆಳಗಿನ ಮಾರಿಕುಪ್ಪಂ ರೈಲನ್ನು ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. 2001ರ ಫೆಬ್ರುವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಊರೇ ಈ ರೈಲುಗಳಿಗೆ ಜೋತುಬಿದ್ದು ಬದುಕಿತು. ಅಪ್ಪಂದಿರು ಕೂಲಿಗೆ, ಅಕ್ಕಂದಿರು ಅಂಗಡಿ ಕೆಲಸಕ್ಕೆ, ತಮ್ಮಂದಿರು ಕಾಲೇಜಿಗೆ. ಬಂಗಾರಪೇಟೆಯಲ್ಲಿ ಹತ್ತುವವರು ಮಾಲೂರಿನವರಿಗೆ ಸೀಟು ಹಿಡಿದಿರುತ್ತಾರೆ. ಅದೇ ಬೋಗಿ, ಅದೇ ಮೂಲೆ, ಅದೇ ಹತ್ತು ಮುಖ. ಇಂಟರ್ನಲ್ಸ್‌ನ ನೋಟ್ಸ್ ಕೈ ಬದಲಾಗುತ್ತದೆ, ಡಬ್ಬಿಯ ಚಿತ್ರಾನ್ನ ಐದು ಪಾಲಾಗುತ್ತದೆ, ತಮಿಳು ತೆಲುಗು ಕನ್ನಡ ಮೂರೂ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಯಾರದೋ ಮನೆಯ ಸಾವು, ಯಾರದೋ ಅಕ್ಕನ ಮದುವೆ ಎಲ್ಲ ಅಲ್ಲಿ ಎಲ್ಲರಿಗೂ ಗೊತ್ತು. ದಿನವೂ ಹೊತ್ತಿಗೆ ಸರಿಯಾಗಿ ಬರುವ, ಬಡವರ ಕೈಗೆಟುಕುವ ಸೀಸನ್ ಪಾಸಿನ ಒಂದು ರೈಲು, ಯಾವ ಕಾಲೇಜೂ ಕಟ್ಟಿಕೊಡದ ಸಂಘವನ್ನು ಕಟ್ಟಿಕೊಟ್ಟಿದೆ. ಸಾರ್ವಜನಿಕ ಸಾರಿಗೆ ಎಂದರೆ ಬರೀ ಸಾಗಾಟವಲ್ಲ ಎಂದು ನಾವು ಹೇಳುವುದು ಈ ಬೋಗಿಯನ್ನು ನೆನೆದು.

ಅಂಥ ರೈಲನ್ನೇ ನಗರದ ಸುತ್ತ ಓಡಿಸುವ ಮಾತೂ ಆಗಿತ್ತು. 2022ರ ಜೂನ್ 20ರಂದು ಪ್ರಧಾನಿಯವರು 148 ಕಿಲೋಮೀಟರಿನ ಉಪನಗರ ರೈಲಿಗೆ ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಹೇಳಿದರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಗಳಿಗೆ ಚಂದದ ಹೆಸರಿಟ್ಟರು. ಚಿಕ್ಕಬಾಣಾವರದಿಂದ ಬೈಯಪ್ಪನಹಳ್ಳಿಗೆ, ಹೀಲಳಿಗೆಯಿಂದ ರಾಜಾನುಕುಂಟೆಗೆ ಹೋಗುವ ಆ ಎರಡು ಮಾರ್ಗಗಳು ಪೀಣ್ಯದ ಹಿಂಭಾಗದ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಿನ ಕಾಲೇಜುಗಳಿಗೆ ಹೇಳಿ ಮಾಡಿಸಿದಂತಿದ್ದವು. ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದವು. ಆಗ ಒಂದು ರೈಲೂ ಓಡುತ್ತಿರಲಿಲ್ಲ. ಶಂಕುಸ್ಥಾಪನೆಯ ವರ್ಷ ಪದವಿಗೆ ಸೇರಿದವರು ಅಷ್ಟರಲ್ಲಿ ಓದು ಮುಗಿಸಿ ಹೊರಬಿದ್ದಿದ್ದರು. ಇದೇ ಹೊತ್ತಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹದಿನೇಳು ಕಿಲೋಮೀಟರಿನ ಆಸುಪಾಸಿನ ಸುರಂಗ ರಸ್ತೆಗೆ ಸುಮಾರು 17 ಸಾವಿರ ಕೋಟಿ ರೂಪಾಯಿಯ ಅಂದಾಜು ತಯಾರಾಯಿತು. ಕಾರಿರುವವರ ಅವಸರಕ್ಕೆ ಇಷ್ಟು ಹಣದ ದಾರಿ ಹುಡುಕುವ ಸರ್ಕಾರಕ್ಕೆ ಸೋಲದೇವನಹಳ್ಳಿಯ ರಾತ್ರಿ ಎಂಟರ ಬಸ್ಸು ಭಾರವಾಗಬಾರದು.

ದೂರವೇ ಎಲ್ಲಕ್ಕೂ ಕಾರಣ ಎಂದು ಕಾಲೇಜುಗಳು ಕೈತೊಳೆದುಕೊಳ್ಳುವಂತಿಲ್ಲ. ಕ್ರೈಸ್ಟ್ ಕಾಲೇಜು 1969ರಲ್ಲಿ ಹೊಸೂರು ರಸ್ತೆಯ ಧರ್ಮಾರಾಮ್ ಬಳಿ ಶುರುವಾದಾಗ ಆ ಜಾಗವೂ ಊರಂಚೇ. ಅಲ್ಲಿ 1972ರಲ್ಲಿ ಹುಟ್ಟಿದ ಕನ್ನಡ ಸಂಘವನ್ನು ಚಿ. ಶ್ರೀನಿವಾಸರಾಜು ಮೇಷ್ಟ್ರು ಬೆಳೆಸಿದರು. ನಾಡಿನ ಯಾವ ಮೂಲೆಯ ಕಾಲೇಜಿನ ಹುಡುಗ ಹುಡುಗಿಯೂ ಬೇಂದ್ರೆಯವರ ಹೆಸರಿನ ಸ್ಪರ್ಧೆಗೆ ಪದ್ಯ ಕಳಿಸಬಹುದಿತ್ತು. ಎಷ್ಟೋ ಹೊಸ ಬರಹಗಾರರ ಮೊದಲ ಪುಸ್ತಕ ಅಚ್ಚಾದದ್ದು ಆ ಸಂಘದಿಂದ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಬುಧವಾರದ ಸಂಜೆ ಅಂದರೆ ಅಲ್ಲಿ ಉಪನ್ಯಾಸ ಇದ್ದೇ ಇರುತ್ತಿತ್ತು, ದುಡ್ಡು ಕೊಡಬೇಕಿರಲಿಲ್ಲ, ಯಾವ ಕಾಲೇಜೆಂದು ಕೇಳುವವರಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕಟ್ಟಿದ ಕರ್ನಾಟಕ ಸಂಘ. ನೂರು ವರ್ಷಕ್ಕೂ ಹಿಂದೆ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಬಂದದ್ದು ಅಲ್ಲಿಂದ. ಇವಕ್ಕೆಲ್ಲ ಬೇಕಾಗಿದ್ದು ದೊಡ್ಡ ಸಭಾಂಗಣವಲ್ಲ. ಸಂಜೆ ಬೀಗ ಹಾಕದ ಒಂದು ಕೊಠಡಿ, ಮತ್ತು ಅಲ್ಲಿ ಕೂರಲು ಮನಸ್ಸೂ ಪುರುಸೊತ್ತೂ ಇದ್ದ ಒಬ್ಬ ಮೇಷ್ಟ್ರು.

ಆ ಮೇಷ್ಟ್ರು ಈಗ ಎಲ್ಲಿ? ಈ ಪ್ರಶ್ನೆಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಕೆ.ಆರ್. ಪುರ, ವರ್ತೂರಿನಂಥ ಕಡೆಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ಮಕ್ಕಳು ಇಂಥ ಕಾಲೇಜುಗಳಿಗೆ ಬರುತ್ತಾರೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠ ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ. ಅವರಿಗೆ ಕೆಲಸದ ಖಾತ್ರಿಯಿಲ್ಲ, ವಾರದ ಗಂಟೆಗಳ ಲೆಕ್ಕಕ್ಕೆ ಗೌರವಧನ. ಒಂದು ಕಡೆ ಪಾಠ ಮುಗಿಸಿ ಇನ್ನೊಂದು ಕಡೆಗೆ ಅದೇ ಬಸ್ಸಿಗೆ ಓಡುವವರು ಅವರು. ಅವರನ್ನು ಸಂಜೆ ಆರರವರೆಗೆ ನಿಂತು ಸಾಹಿತ್ಯ ಸಂಘ ನಡೆಸಿ ಎನ್ನಲು ನಮಗೆ ನೈತಿಕ ಹಕ್ಕಿಲ್ಲ. ಖಾಸಗಿ ಕಾಲೇಜುಗಳ ಅಧ್ಯಾಪಕರು ನ್ಯಾಕ್ ಕಡತ ತುಂಬುವುದರಲ್ಲಿ, ಪ್ರವೇಶದ ಕಾಲದಲ್ಲಿ ಮಕ್ಕಳನ್ನು ಕರೆತರುವ ಓಡಾಟದಲ್ಲಿ ಸವೆಯುತ್ತಿದ್ದಾರೆ. ಕನ್ನಡ ಸಂಘ ನವೆಂಬರ್ ಒಂದರ ಬಾವುಟಕ್ಕೆ ಇಳಿದಿದೆ. ಫೆಸ್ಟ್ ಎಂದು ವರ್ಷಕ್ಕೊಮ್ಮೆ ಎರಡು ದಿನ ದೊಡ್ಡ ಸ್ಪೀಕರ್ ಕಟ್ಟುತ್ತಾರೆ. ಮಿಕ್ಕ ದಿನಗಳೆಲ್ಲ ಬೆಲ್ಲು ಮತ್ತು ಬಸ್ಸು.

ವಿದ್ಯಾರ್ಥಿಗಳೇ ಕೇಳಿ ಪಡೆಯಬಹುದಲ್ಲ ಎಂದರೆ, ಯಾರನ್ನು ಕೇಳಬೇಕು? ಕಾಲೇಜಿನೊಳಗೆ ಚುನಾಯಿತ ವಿದ್ಯಾರ್ಥಿ ಸಂಘವನ್ನು ರಾಜ್ಯ 1980ರ ದಶಕದ ಕೊನೆಗೇ ನಿಲ್ಲಿಸಿತು. ವಿದ್ಯಾರ್ಥಿ ಚುನಾವಣೆಗಳ ಬಗೆಗಿನ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮೇಲೂ ಅದು ಮತ್ತೆ ಬರಲಿಲ್ಲ. ಹಿಂಸೆ ತಡೆಯಲೆಂದು ನಿಲ್ಲಿಸಿದ್ದು ಕೊನೆಗೆ ದನಿಯನ್ನೇ ನಿಲ್ಲಿಸಿತು. ಕಾಲೇಜಿನ ಹೊರಗೆ ನೋಡಿದರೆ, ಬಿಬಿಎಂಪಿ ಕೌನ್ಸಿಲ್ಲಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಅದರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷ ಕಾರ್ಪೊರೇಟರ್ ಇಲ್ಲದೆಯೇ ಕಳೆದು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ನಗರಪಾಲಿಕೆಗಳಾದವು. ದೀಪ ಕೆಟ್ಟರೆ, ಫುಟ್‌ಪಾತಿನ ಕಲ್ಲು ಬಾಯಿಬಿಟ್ಟರೆ ಮನೆ ಬಾಗಿಲಿಗೆ ಹೋಗಿ ಕೇಳಬಹುದಾದ ವಾರ್ಡಿನ ಸದಸ್ಯ ಹೇಗಿರುತ್ತಾನೆಂದು ತಿಳಿಯದೆಯೇ ಒಂದು ಪೀಳಿಗೆ ಇಲ್ಲಿ ಪದವಿ ಮುಗಿಸಿದೆ. ಹೊಸೂರು ರಸ್ತೆಯ ಕಡೆ ಇನ್ನೂ ಗೊಂದಲ. ಒಂದೇ ರಸ್ತೆಯ ಉದ್ದಕ್ಕೆ ಕೈಗಾರಿಕಾ ಟೌನ್‌ಶಿಪ್ಪು, ನಗರಸಭೆ, ಪುರಸಭೆ, ಪಂಚಾಯಿತಿ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಎಲ್ಲ ಸಾರಿಗೆಯನ್ನೂ ಒಂದೇ ಸೂರಿನಡಿ ತರಬೇಕಾಗಿದ್ದ ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆಗೆ ಶಾಸನಸಭೆ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದರೂ ಮೆಟ್ರೊ ಇಳಿದವರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗೆ ಸ್ಟೇಷನ್ನಿನ ಕೆಳಗೆ ಇಂದಿಗೂ ಉತ್ತರ ಸಿಗುವುದಿಲ್ಲ.

ಗ್ರಂಥಾಲಯದ ವಿಚಾರ ಹೇಳದೆ ಮುಂದೆ ಹೋಗಲಾರೆವು. ದುಡ್ಡು ಖರ್ಚು ಮಾಡದೆ ಸಂಜೆ ಎರಡು ಗಂಟೆ ಕೂರಬಹುದಾದ ಚಾವಣಿ ಎಂದರೆ ಅದೊಂದೇ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಈ ಹೊರವಲಯದ ಗಗನಚುಂಬಿ ಕಟ್ಟಡಗಳೂ ಅದನ್ನು ಕಟ್ಟುತ್ತವೆ. ಹಾಗೆ ವಸೂಲಾದ ಹಣದಲ್ಲಿ ನೂರಾರು ಕೋಟಿ ರೂಪಾಯಿಯನ್ನು ಬಿಬಿಎಂಪಿ ಗ್ರಂಥಾಲಯ ಇಲಾಖೆಗೆ ಕೊಡದೆ ಉಳಿಸಿಕೊಂಡಿತು ಎಂಬ ದೂರು ವರ್ಷಗಳಿಂದ ಇದೆ. ಆ ಹಣ ಬಂದಿದ್ದರೆ ಕಾಡುಗೋಡಿಯಲ್ಲೊಂದು, ಹೆಬ್ಬಗೋಡಿಯಲ್ಲೊಂದು, ದಾಸರಹಳ್ಳಿಯಲ್ಲೊಂದು ರಾತ್ರಿ ಒಂಬತ್ತರವರೆಗೆ ತೆರೆದಿರುವ ಓದುಮನೆ ಇರುತ್ತಿತ್ತು. ಈಗ ಸಂಜೆ ಕೂರಬೇಕೆಂದರೆ ಇರುವುದು ಮಾಲಿನ ಎಸಿ, ಇಲ್ಲವೇ ಒಂದು ಕಾಫಿಗೆ ಒಂದು ದಿನದ ಊಟದ ದುಡ್ಡು ಕೇಳುವ ಕೆಫೆ.

ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ವಾಟ್ಸ್ಆ್ಯಪ್ ಗ್ರೂಪ್ ಇದೆ, ಗೆಳೆತನಕ್ಕೆ ಇನ್ನೇನು ಕೊರತೆ ಎಂದು ಕೇಳುವವರನ್ನು ನಾವು ಬಲ್ಲೆವು. ಕೋವಿಡ್ ಕಾಲದ ಎರಡು ವರ್ಷ ನಾಡಿನ ಮಕ್ಕಳೆಲ್ಲ ಪರದೆಯಲ್ಲೇ ಒಬ್ಬರನ್ನೊಬ್ಬರು ನೋಡಿದರು. ಅದು ಸಾಕಾಗಿದ್ದರೆ ಕಾಲೇಜು ತೆರೆದ ದಿನ ಅವರು ಅಷ್ಟೊಂದು ಸಂಭ್ರಮದಿಂದ ಓಡಿಬರುತ್ತಿರಲಿಲ್ಲ. ಗ್ರೂಪಿನಲ್ಲಿ ಇಂಟರ್ನಲ್ಸ್ ದಿನಾಂಕ ತಿಳಿಯುತ್ತದೆ. ಪಕ್ಕದ ಬೆಂಚಿನವನು ಮೂರು ದಿನದಿಂದ ಊಟ ಬಿಟ್ಟಿದ್ದಾನೆ ಎಂಬುದು ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಕ್ಯಾಂಟೀನಿನ ಕಟ್ಟೆಯ ಮೇಲೆ, ಕೆಲಸಕ್ಕೆ ಬಾರದ ಮಾತಾಡುತ್ತ, ಅರ್ಧ ಗಂಟೆ ಕೂತಿರಬೇಕು. ದೂರದೂರಿಂದ ಬಂದು ನಾಲ್ಕು ಮಂಚದ ಪಿಜಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವ ಮಕ್ಕಳ ಒಂಟಿತನದ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ, ಆಪ್ತಸಲಹೆಗಾರರನ್ನು ನೇಮಿಸಿ ಎನ್ನುತ್ತಾರೆ. ನೇಮಿಸಲಿ, ಬೇಕು. ಅದಕ್ಕಿಂತ ಮೊದಲು ಅವರು ಪರಸ್ಪರ ಭೇಟಿಯಾಗುವಂತೆ ಮಾಡಿ.

ಆದ್ದರಿಂದ ನಮ್ಮ ಒತ್ತಾಯ ನೇರವಾಗಿದೆ. ಬಿಎಂಟಿಸಿ ಈ ಮೂರೂ ದಿಕ್ಕಿನ ಒಳರಸ್ತೆಯ ಕಾಲೇಜುಗಳನ್ನು ಪಟ್ಟಿ ಮಾಡಿ, ಸಂಜೆ ಆರು, ಏಳೂವರೆ ಮತ್ತು ರಾತ್ರಿ ಒಂಬತ್ತಕ್ಕೆ ಹತ್ತಿರದ ಮೆಟ್ರೊ ಸ್ಟೇಷನ್ನಿಗೆ ಬಸ್ಸು ಬಿಡಲಿ. ಖಾಲಿ ಹೋದರೂ ಒಂದು ಇಡೀ ವರ್ಷ ನಿಲ್ಲಿಸದೆ ಬಿಡಲಿ. ಬಸ್ಸು ಬಂದೇ ಬರುತ್ತದೆ ಎಂಬ ನಂಬಿಕೆ ಹುಟ್ಟದೆ ಸಂಜೆ ಯಾರೂ ನಿಲ್ಲುವುದಿಲ್ಲ. ಮೆಟ್ರೊ ನಿಗಮ ವಿದ್ಯಾರ್ಥಿ ಪಾಸ್ ಕೊಡಲಿ, ಬಸ್ಸಿನಲ್ಲಿ ದಶಕಗಳಿಂದ ಇರುವ ಪದ್ಧತಿ ರೈಲಿನಲ್ಲಿ ಅಸಾಧ್ಯವೇನಲ್ಲ. ಹೊಸ ನಗರಪಾಲಿಕೆಗಳು ಸ್ಟೇಷನ್ನಿನಿಂದ ಕಾಲೇಜಿನ ಗೇಟಿನವರೆಗೆ ದೀಪ ಮತ್ತು ಫುಟ್‌ಪಾತ್ ಹಾಕಲಿ. ನಗರದ ಹೃದಯಭಾಗದಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ಮಾಡಿದ ಅಗಲವಾದ ಕಾಲುದಾರಿಗಳನ್ನು ನೋಡಿದ್ದೇವೆ, ಅದು ಇಲ್ಲಿಯ ಮಕ್ಕಳ ಪಾಲಿಗೂ ಬರಲಿ. ಅತಿಥಿ ಉಪನ್ಯಾಸಕರ ಪ್ರಶ್ನೆಯನ್ನು ಸರ್ಕಾರ ಇನ್ನೂ ಮುಂದೂಡುವುದು ಬೇಡ.

ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ನೀವು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ನಿಮ್ಮದೇ ಹಳದಿ ಬಸ್ಸುಗಳಲ್ಲಿ ಎಲ್ಲವನ್ನೂ ನಾಲ್ಕೂಕಾಲಕ್ಕೆ ಕಳಿಸಬೇಡಿ. ಒಂದೇ ಒಂದು ಬಸ್ಸನ್ನು, ವಾರಕ್ಕೆ ಮೂರು ದಿನವಾದರೂ, ಏಳು ಗಂಟೆಯವರೆಗೆ ನಿಲ್ಲಿಸಿಕೊಳ್ಳಿ. ವಾಚ್‌ಮನ್ನಿಗೆ ಎರಡು ಗಂಟೆಯ ಹೆಚ್ಚುವರಿ ಸಂಬಳ ಕೊಟ್ಟು ಗೇಟು, ಮೈದಾನ, ಒಂದು ಕೊಠಡಿ ತೆರೆದಿಡಿ. ಬರುವ ಸೋಮವಾರದಿಂದಲೇ ಇದನ್ನು ಶುರು ಮಾಡಬಹುದು, ಮಾಡಿ.